ಮಾವನ ರಾಜಹಲಗೆ

ವೇಮಾಯರ್ ನಮ್ಮ ಮನೆಗೆ ಬಂದರೆ ಹೊಟ್ಟೆ ತುಂಬಿಸಿಕೊಳ್ಳದೆ ಎದ್ದು ಹೋಗುವ ಆಸಾಮಿಯಲ್ಲ. ಅಂಥವನು ಆ ದಿನ ಅತ್ತೆ ಇಟ್ಟ ಕೇಕನ್ನು ಮುಟ್ಟದೆ, ಟೋಪಿಯನ್ನು ಮೊಣಕಾಲಿನ ಮೇಲೆ ತಿರುಗಿಸುತ್ತ ಕೂತಾಗಲೇ ನನಗೆ ಅನುಮಾನ ಬಂತು. ಅವನು ನಮ್ಮೂರ ಬಂದೂಕು ಸಂಘದ ಅಧ್ಯಕ್ಷ. ಮಾವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು.

"ಹಾರ್ಮ್, ಹೋದ ವರ್ಷದ ಹಲಗೆ ಇದೆಯಲ್ಲ..." ಅಂದ.

"ಏನಾಗಿದೆ ಅದಕ್ಕೆ?" ಎಂದರು ಮಾವ.

"ಅದಕ್ಕೆ ಏನೂ ಆಗಿಲ್ಲ. ಗೋಡೆ ಮೇಲೆ ಗಟ್ಟಿಯಾಗೇ ಇದೆ. ಆದ್ರೆ ರಸ್ತೇಲಿ ಹೋಗೋರೆಲ್ಲ ಕೇಳ್ತಾರೆ, ಮನೆ ಮುಂದೆ ಯಾಕ್ರಯ್ಯ ಆಲೂಗಡ್ಡೆ ಚಿತ್ರ ಹಾಕಿದೀರ ಅಂತ."

ನಮ್ಮ ಕಡೆ ಪ್ರತಿ ಊರಲ್ಲೂ ವಸಂತದ ಕೊನೆಗೆ ಬರುವ ಪೆಂತೆಕೋಸ್ತ್ ಹಬ್ಬಕ್ಕೆ ಗುರಿ ಹೊಡೆಯುವ ಪಂದ್ಯ ನಡೆಯುತ್ತದೆ. ಗೆದ್ದವನು ಒಂದು ವರ್ಷದ ಮಟ್ಟಿಗೆ ರಾಜ. ಅವನ ಹೆಸರು, ಇಸವಿ ಬರೆದು ಗುರಿಹಲಗೆಯಂತೆ ಬಣ್ಣ ಹಚ್ಚಿದ ದುಂಡು ಹಲಗೆಯೊಂದನ್ನು ಅವನ ಮನೆಯ ಮುಂಗೋಡೆಯ ನೆತ್ತಿಗೆ ಮೊಳೆ ಹೊಡೆದು ಕೂರಿಸುತ್ತಾರೆ. ಅದೇ ರಾಜಹಲಗೆ. ಕೆಲವು ಮನೆಗಳ ಗೋಡೆಯಲ್ಲಿ ಅಜ್ಜನದು, ಅಪ್ಪನದು, ಮಗನದು ಎಂದು ಸಾಲಾಗಿ ಹಲಗೆಗಳಿವೆ. ನಮ್ಮ ಗೋಡೆ ಮಾತ್ರ ಬೋಳು. ಆದರೆ ಊರಿನ ಮುಕ್ಕಾಲು ಪಾಲು ಹಲಗೆಗಳನ್ನು ಕೊಯ್ದವರು ನಮ್ಮ ಮಾವ. ಗುರಿ ಹೊಡೆಯುವುದರಲ್ಲಿ ಸೊನ್ನೆ, ಸೊನ್ನೆ ಕೊಯ್ಯುವುದರಲ್ಲಿ ಎತ್ತಿದ ಕೈ ಎಂದು ಅತ್ತೆಯೇ ಹೇಳುತ್ತಿದ್ದರು.

"ಸಮಿತಿಯವರು ತೀರ್ಮಾನ ಮಾಡಿದಾರೆ," ವೇಮಾಯರ್ ಟೋಪಿಯನ್ನೇ ನೋಡುತ್ತ ಹೇಳಿದ. "ಈ ಸಲ ಪೇಟೆ ಕಾರ್ಖಾನೇಲಿ ಮಾಡಿಸೋಣ ಅಂತ. ಅಲ್ಲಿ ಕಂಪ್ಯೂಟರ್ ಕೊಯ್ಯುತ್ತಂತೆ."

ಮಾವ ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ, "ಹಬ್ಬಕ್ಕೆ ಮುಂಚೆ ನಾನೊಂದು ಹಲಗೆ ಕೊಡ್ತೀನಿ. ನಡುವಿಂದ ದಾರ ಹಿಡಿದು ಸುತ್ತ ನೋಡು. ಎಲ್ಲಾದ್ರೂ ದಾರ ಗಿಡ್ಡ ಬಂತು, ಉದ್ದ ಬಂತು ಅಂದ್ರೆ ನಿನ್ನ ಕಂಪ್ಯೂಟರ್ ಹತ್ರಾನೇ ಹೋಗು," ಎಂದರು.

"ಅಷ್ಟು ಸಾಕಪ್ಪ," ಎಂದು ವೇಮಾಯರ್ ಕೇಕಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಮೂರು ತುಂಡು ತಿಂದ.

ಅವತ್ತಿನಿಂದ ನಮ್ಮ ಮನೆಯಲ್ಲಿ ಶುರುವಾಯಿತು ನೋಡಿ. ಸಂಜೆಯಾದರೆ ಶೆಡ್ಡಿನಿಂದ ಜಿಗ್ ಸಾ ಯಂತ್ರದ ಕಿರುಗುಟ್ಟುವ ಸದ್ದು. ಮಾವ ಕೈವಾರದಲ್ಲಿ ಗೆರೆ ಎಳೆದು, ಗರಗಸದ ಎಲೆಯನ್ನು ಗೆರೆಯ ಗುಂಟ ನಡೆಸಿ, ಉಪ್ಪುಕಾಗದದಲ್ಲಿ ಉಜ್ಜಿ ತರುತ್ತಿದ್ದರು. ಒಂದು ದಿನ ಮೊಟ್ಟೆ, ಒಂದು ದಿನ ಪೇರಳೆ. ಇನ್ನೊಂದು ದಿನ ಬಂದದ್ದು ಏನೆಂದು ಯಾರಿಗೂ ಹೇಳಲಾಗಲಿಲ್ಲ. ಅತ್ತೆ ಒಂದನ್ನೂ ಬಿಸಾಡಲಿಲ್ಲ. ಮಳೆನೀರಿನ ಪೀಪಾಯಿಗೆ ಒಂದು, ಹೂವಿನ ಕುಂಡಗಳ ಅಡಿಗೆ ಒಂದೊಂದು, ಬಿಸಿ ಪಾತ್ರೆ ಇಡಲು ಎರಡು. ಕೊನೆಗೆ ಮನೆಯಲ್ಲಿ ಮುಚ್ಚಳವಿಲ್ಲದ ಪಾತ್ರೆ ಉಳಿಯಲಿಲ್ಲ, ಪಾತ್ರೆಯಿಲ್ಲದ ಮುಚ್ಚಳಗಳು ಮಾತ್ರ ರಾಶಿ ಬಿದ್ದವು.

"ಗರಗಸದ ಎಲೆ ಸರಿ ಇಲ್ಲ," ಎನ್ನುತ್ತಿದ್ದರು ಮಾವ. ಮರುದಿನ ಮರ ಸರಿಯಿಲ್ಲ, ಅದರ ಮರುದಿನ ಶೆಡ್ಡಿನ ದೀಪ ಸರಿಯಿಲ್ಲ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ," ಎಂದರು ಅತ್ತೆ.

ನನ್ನ ಗಂಡ ಆರ್ನೆ ಬಸ್ಸುಗಳ ರಿಪೇರಿ ಕೆಲಸದವನು. ಅವನ ಹತ್ತಿರ ಒಂದು ರೂಟರ್ ಯಂತ್ರವಿತ್ತು. ಸರ್ರೆಂದು ತಿರುಗಿ ಮರ ಕೊರೆಯುವ, ಬಿಟ್ ಎಂಬ ಉದ್ದ ಅಲಗು, ಪಕ್ಕದಲ್ಲಿ ಒಂದು ಕಬ್ಬಿಣದ ತೋಳು, ತೋಳಿನ ತುದಿಗೆ ಒಂದು ಮುಳ್ಳು. ಮುಳ್ಳನ್ನು ಹಲಗೆಯ ನಡುವೆ ಚುಚ್ಚಿದರೆ ಯಂತ್ರ ಅದರ ಸುತ್ತಲೇ ಸುತ್ತುತ್ತದೆ, ಬೇರೆಲ್ಲೂ ಹೋಗಲಾರದು.

"ಅಪ್ಪ, ನನ್ನ ಮಷಿನ್ ತಗೋ. ಒಂದು ಗಂಟೆ ಕೆಲಸ," ಎಂದು ಆರ್ನೆ ಊಟದ ಮೇಜಿನಲ್ಲಿ ಹೇಳಿದ.

"ನಡುವೆ ತೂತು ಬೀಳುತ್ತೆ."

"ಬೀಳ್ಲಿ ಬಿಡು. ಅದು ಗುರಿಹಲಗೆ ತಾನೆ."

"ರಾಜನ ಹೆಸರು ಬರೆಯೋ ಹಲಗೆ ಕಣೋ ಅದು. ಗುಂಡು ಬೀಳೋಕೆ ಮುಂಚೇನೇ ತೂತು ಮಾಡಿ ಕೊಡಬೇಕಾ?"

"ಹಿಂದಿನ ಕಡೆಯಿಂದ ಚುಚ್ಚೋಣ. ಅರ್ಧದವರೆಗೆ ಮಾತ್ರ. ಮುಂದೆ ಕಾಣಲ್ಲ."

"ಮಗುಚಿ ಹಾಕಿ ಕೊಯ್ಯೋದಾ? ಮುಖ ನೋಡದೆ ಕ್ಷೌರ ಮಾಡಿದ ಹಾಗೆ," ಎಂದು ಮಾವ ಚಾಕು ಎತ್ತಿಕೊಂಡರು.

ನಮ್ಮಲ್ಲಿ ರಾತ್ರಿಯೂಟವೆಂದರೆ ಒಬ್ಬೊಬ್ಬರಿಗೆ ಒಂದೊಂದು ಮರದ ಮಣೆ, ಅದರ ಮೇಲೆ ರೈ ಬ್ರೆಡ್ಡು, ಬೆಣ್ಣೆ, ಸಾಸೇಜು. ಮಾವ ಮಾತಿನ ಭರದಲ್ಲಿ ಚಾಕುವಿನ ತುಂಬ ಬೆಣ್ಣೆ ತೆಗೆದು ನೀಟಾಗಿ, ಅಂಚಿನವರೆಗೂ, ಮಣೆಗೇ ಸವರತೊಡಗಿದರು. ಬ್ರೆಡ್ಡು ಪಕ್ಕದಲ್ಲೇ ಇತ್ತು. ಆರ್ನೆ ಬಾಯಿ ತೆರೆದ. ನಾನು ಮೇಜಿನಡಿಯಲ್ಲಿ ಅವನ ಕಾಲು ತುಳಿದೆ. ಅತ್ತೆ ಏನೂ ಆಗದವರಂತೆ ಕೈ ಚಾಚಿ ಬ್ರೆಡ್ಡನ್ನು ಚಾಕುವಿನ ಅಡಿಗೆ ಸರಿಸಿದರು. ಮಾವ ಅದರ ಮೇಲೆ ಸವರುವುದನ್ನು ಮುಂದುವರಿಸಿದರು.

ಪಾತ್ರೆ ತೊಳೆಯುವಾಗ ನಾನು ಕೇಳಿಯೇ ಬಿಟ್ಟೆ. "ಅತ್ತೆ, ಇದು ಎಷ್ಟು ದಿನದಿಂದ?"

"ಎರಡು ಚಳಿಗಾಲ ಆಯ್ತು. ಕಣ್ಣಿಗೆ ಪೊರೆ. ಡಾಕ್ಟರ್ ಹತ್ರ ಹೋಗೋಣ ಅಂದ್ರೆ ಹಬ್ಬ ಆಗ್ಲಿ ಅಂತಾನೆ. ಯಾವ ಹಬ್ಬ ಅಂತ ಹೇಳಲ್ಲ."

"ಗದರಿಸಿ ಕರ್ಕೊಂಡು ಹೋಗಿ."

"ಹೆಂಡ್ತಿ ಮಾತು ಅವನಿಗೆ ಗೋಡೆಗೆ ಹೇಳಿದ ಹಾಗೆ. ಗರಗಸ ಅರ್ಧ ಬೆರಳು ತಿಂದಾಗ ಕರವಸ್ತ್ರ ಸುತ್ಕೊಂಡು ಬಂದು ಕಾಫಿ ಕೊಡು ಅಂದ ಮನುಷ್ಯ. ಕಣ್ಣಾಸ್ಪತ್ರೆ ಅಂದ್ರೆ ಬೆವರ್ತಾನೆ." ಅತ್ತೆ ಮಾವನ ಮಣೆಯ ಮೇಲಿನ ಬೆಣ್ಣೆಯನ್ನು ಕೆರೆದು ಡಬ್ಬಿಗೆ ಹಾಕಿದರು. "ಈ ಹಲಗೆ ಕೆಲಸಾನೂ ಹೋದ್ರೆ ಅವನು ಕುರ್ಚೀಲಿ ಕೂತವನು ಏಳಲ್ಲ ಸಿಲ್ಕೆ. ಅದೇ ನಂಗೆ ಭಯ."

ಮಾವ ನನ್ನನ್ನು ಕಂಡರೆ ಗುರ್ ಎನ್ನುವವರೇ, ಆದರೂ ಈ ಮನೆಗೆ ಬಂದ ದಿನ ನನ್ನ ಎತ್ತರಕ್ಕೆ ಸರಿಯಾಗಿ ಅಡುಗೆಮನೆಯ ಕಟ್ಟೆಯನ್ನು ಏರಿಸಿ ಕೊಟ್ಟಿದ್ದರು. ಮರುದಿನ ಬಿಳಿ ಆಸ್ಪರಾಗಸ್ ತರಕಾರಿಯ ಕಡ್ಡಿಗಳ ಸಿಪ್ಪೆ ಹೆರೆಯುತ್ತಿದ್ದ ಅವರ ಪಕ್ಕದಲ್ಲಿ ನಾನೂ ಹೆರೆಯುತ್ತ ಕೂತೆ.

"ಮಾವ, ನಮ್ಮ ಬಯಲಲ್ಲಿ ಕುರೀನ ಗೂಟಕ್ಕೆ ಕಟ್ಟಿ ಹೋಗ್ತಾರಲ್ಲ. ಸಂಜೆ ಹೊತ್ತಿಗೆ ಅದು ಮೇಯ್ದ ಜಾಗ ಹೇಗಿರುತ್ತೆ?"

"ದುಂಡಗಿರುತ್ತೆ. ಯಾಕೆ?"

"ಕುರಿಗೆ ಗೆರೆ ಕಾಣುತ್ತಾ?"

ಅವರ ಕೈಯಲ್ಲಿದ್ದ ಚಾಕು ನಿಂತಿತು. "ನನ್ನ ಕುರಿ ಅಂತೀಯಾ?" ಎಂದರು.

"ಮಷಿನ್ ಕುರಿ. ನೀವು ಕುರಿ ಕಾಯೋರು."

"ನಿನ್ನತ್ತೆ ಗೇಸಾ ಹೇಳಿ ಕಳಿಸಿದ್ಲಾ?"

"ಇಲ್ಲ. ನಾನು ಕೇಳಿದ್ದು ಅತ್ತೆಗೆ ಗೊತ್ತಿಲ್ಲ. ಹಾಗೇ ಇರ್ಲಿ."

ಮಾವ ಇನ್ನೆರಡು ಕಡ್ಡಿ ಹೆರೆದರು. ಅರ್ಧ ಸಿಪ್ಪೆ ಕಡ್ಡಿಯಲ್ಲೇ ಉಳಿದಿತ್ತು. "ಶೆಡ್ಡಲ್ಲಿ ಬೆಳಕಿಲ್ಲ," ಎಂದರು ಕೊನೆಗೆ. ಅಂದರೆ ಒಪ್ಪಿಗೆ.

ಬೆಳಕಿರುವುದು ಊಟದ ಕೋಣೆಯಲ್ಲಿ. ಅಲ್ಲಿ ದೊಡ್ಡ ಕಿಟಕಿ, ಕಿಟಕಿಯ ಮುಂದೆ ಅತ್ತೆ ತವರಿನಿಂದ ತಂದ ಓಕ್ ಮರದ ಮೇಜು. ಆ ಮೇಜಿನ ಮೇಲೆ ಬಿಸಿ ಲೋಟ ಇಟ್ಟವರನ್ನು ಅತ್ತೆ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಶನಿವಾರ ಬೆಳಿಗ್ಗೆ ಅವರು ಕೂದಲು ಸೆಟ್ ಮಾಡಿಸಲು ಹೊರಟರು. ಬಸ್ಸು ತಿರುವು ದಾಟಿತೋ ಇಲ್ಲವೋ ನಾವು ಮೂವರೂ ಕಳ್ಳರಂತೆ ಕೆಲಸಕ್ಕೆ ಇಳಿದೆವು. ಮೇಜಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಒಂದು ಹಾಳು ಪ್ಲೈವುಡ್, ಅದರ ಮೇಲೆ ಮಗುಚಿ ಹಾಕಿದ ಒಳ್ಳೆಯ ಹಲಗೆ. ಎಲ್ಲವನ್ನೂ ಕ್ಲಾಂಪ್ ಹಾಕಿ ಬಿಗಿದರು. ಗಡಿಯಾರ ಒಂದು ಹೊಡೆಯುವುದರೊಳಗೆ ಮುಗಿಸಬೇಕಿತ್ತು. ಮಧ್ಯಾಹ್ನ ಒಂದಾದರೆ ಊರಿಗೆ ವಿಶ್ರಾಂತಿಯ ಹೊತ್ತು. ಆಗ ಯಾರಾದರೂ ಯಂತ್ರದ ಸದ್ದು ಮಾಡಿದರೆ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ಮಾತಾಡದೆ ನಿಲ್ಲುತ್ತಾರೆ. ಬೈದರಾದರೂ ವಾಸಿ.

"ಒಂದೇ ಸಲ ಆಳಕ್ಕೆ ಇಳಿಸಬಾರದು. ಸ್ವಲ್ಪ ಸ್ವಲ್ಪ," ಎಂದ ಆರ್ನೆ. "ಸುತ್ತೋದು ಗಡಿಯಾರಕ್ಕೆ ಉಲ್ಟಾ. ಇಲ್ಲಾಂದ್ರೆ ಮಷಿನ್ ಕೈ ಕಿತ್ಕೊಂಡು ಓಡುತ್ತೆ."

"ನಿನ್ನ ತೊಟ್ಟಿಲಿಗೆ ಚಕ್ರ ಮಾಡಿದೋನು ನಾನು. ನಂಗೆ ಹೇಳ್ತಾನೆ," ಎಂದರು ಮಾವ. ಆದರೂ ಉಲ್ಟಾ ಸುತ್ತಿದರು.

ಮೊದಲ ಸುತ್ತಿಗೇ ಅವರ ಮುಖ ಬದಲಾಯಿತು. ಯಂತ್ರ ಮುಳ್ಳಿಗೆ ಕಟ್ಟುಬಿದ್ದು ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ಮಾವ ಕಣ್ಣು ಮುಚ್ಚಿಕೊಂಡು ಸದ್ದು ಕೇಳುತ್ತ ನಡೆದರು. ಎರಡನೆಯ ಸುತ್ತು, ಮೂರನೆಯ ಸುತ್ತು. ಮರದ ಹೊಟ್ಟು ಪರದೆಯ ಮೇಲೆ, ಗಡಿಯಾರದ ಮೇಲೆ, ನನ್ನ ತಲೆಯ ಮೇಲೆ. ಆರ್ನೆ ಇಕ್ಕಳ ತರಲು ಹೊರಗೆ ಹೋದಾಗ ಮಾವ ನನ್ನ ಕಡೆ ಬಾಗಿ, "ಇವನು ಯಾವತ್ತೂ ಆಳ ಕಮ್ಮೀನೇ ಇಡೋದು," ಎಂದು ಆಳದ ತಿರುಪನ್ನು ಒಂದಿಷ್ಟು ಇಳಿಸಿದರು. ಮಾವ ಮೂಗು ಒರೆಸಲು ಆಚೆ ತಿರುಗಿದಾಗ ಆರ್ನೆ ಬಂದು, "ಅಪ್ಪನಿಗೆ ಧೈರ್ಯ ಸಾಲ್ದು, ಆಳಾನೇ ಇಳಿಸಿಲ್ಲ," ಎಂದು ತಾನೂ ಇಳಿಸಿದ. ನಾನು ಇಬ್ಬರಿಗೂ ಹೇಳಬಹುದಿತ್ತು. ಆದರೆ ಗಡಿಯಾರ ಒಂದಕ್ಕೆ ಬರುತ್ತಿತ್ತು, ಬೇಲಿಯಾಚೆ ಪಕ್ಕದ ಮನೆಯವರ ಟೋಪಿ ಕಾಣುತ್ತಿತ್ತು, ನನಗೆ ಅಷ್ಟು ಹೊಳೆಯಲಿಲ್ಲ.

ಕೊನೆಯ ಸುತ್ತು ಮುಗಿದು ಯಂತ್ರ ನಿಂತಿತು. ಕ್ಲಾಂಪ್ ಬಿಚ್ಚಿದರು. ಹಲಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಗೆ ಬಂತು. ಅಂಚು ಎಷ್ಟು ನುಣುಪಾಗಿತ್ತೆಂದರೆ ಮಾವ ಅದನ್ನು ಕೆನ್ನೆಗೆ ಒತ್ತಿ ನೋಡಿದರು. ಬೆರಳನ್ನು ಸುತ್ತ ಆಡಿಸಿದರು, ಒಂದು ಸಲ, ಎರಡು ಸಲ. "ದುಂಡಗಿದೆ ಕಣೋ," ಎಂದರು. ಅಪ್ಪ ಮಗ ಇಬ್ಬರೂ ಕೈ ಕುಲುಕಿದರು. ಅವರು ಕೈ ಕುಲುಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ನಾನು ಪ್ಲೈವುಡ್ ಎತ್ತಿದೆ. ಅದರಿಂದ ಒಂದು ಬಿಲ್ಲೆ ಕಳಚಿ ಬಿತ್ತು. ಕಂಬಳಿ ಎತ್ತಿದೆ. ಅದರಿಂದಲೂ ಒಂದು ಬಿಲ್ಲೆ. ಅದರ ಕೆಳಗೆ ಅತ್ತೆಯ ಓಕ್ ಮೇಜಿನ ನಟ್ಟನಡುವೆ, ಕಿರುಬೆರಳು ಕೂರುವಷ್ಟು ಆಳಕ್ಕೆ, ಅಚ್ಚುಕಟ್ಟಾದ ಒಂದು ವೃತ್ತ.

"ನೀನು ಇಳಿಸಿದ್ಯಾ?" ಎಂದು ಮಾವ ಕೇಳಿದರು. "ನೀನು ಇಳಿಸಿದ್ಯಾ?" ಎಂದು ಆರ್ನೆ ಕೇಳಿದ. ಅಪ್ಪ ಮಗನ ಜಗಳದಲ್ಲಿ ಮೇಜು ಬಡವಾಗಿತ್ತು.

ಅತ್ತೆ ಹೊಸದಾಗಿ ಸೆಟ್ ಮಾಡಿಸಿದ ಕೂದಲಿನೊಂದಿಗೆ ಬಾಗಿಲಲ್ಲಿ ನಿಂತರು. ಒಳಗೆ ಬಂದರು. ಕೈಚೀಲ ಕೆಳಗಿಟ್ಟು ಮೇಜಿನ ಕೊರಕಲಿನಲ್ಲಿ ಬೆರಳಾಡಿಸಿದರು, ಶುರುವಾದ ಜಾಗದವರೆಗೂ.

"ಇದೂ ದುಂಡಗಿದೆ," ಎಂದರು ಅತ್ತೆ. "ಇನ್ಮೇಲೆ ನೀವಿಬ್ರೂ ಶೆಡ್ಡಲ್ಲಿ ಊಟ ಮಾಡಿ."

"ಅಮ್ಮ, ಇದನ್ನ ತುಂಬಿಸಿ ಪಾಲಿಷ್..." ಎಂದು ಆರ್ನೆ ಶುರುಮಾಡಿದ.

"ಮುಟ್ಟಿದ್ರೆ ಕೈ ಮುರೀತೀನಿ."

"ಹಾಗಾದ್ರೆ ಪೂರ್ತಿ ಕೊಯ್ದು ದುಂಡು ಮೇಜು..."

ಅತ್ತೆ ನೋಡಿದ ನೋಟಕ್ಕೆ ಅವನು ಅರ್ಧ ಮಾತನ್ನು ನುಂಗಿ ಹೊರಟುಹೋದ.

ಹಬ್ಬದವರೆಗೂ ಗಂಡಸರಿಬ್ಬರೂ ಶೆಡ್ಡಿನಲ್ಲೇ ಉಂಡರು. ತಟ್ಟೆ ಹೊತ್ತು ಅಂಗಳ ದಾಟಿ ದಾಟಿ ನನ್ನ ಕಾಲು ಸೋತವು. ತಪ್ಪು ಅವರದು, ನಡಿಗೆ ನನ್ನದು. ಆದರೆ ಒಂದು ಮಾತು ಹೇಳಬೇಕು. ಅಷ್ಟು ವರ್ಷ ಅಡುಗೆಮನೆಯಲ್ಲಿ ಕಚ್ಚಾಡಿದ ಅಪ್ಪ ಮಗ ಶೆಡ್ಡಿನಲ್ಲಿ ಮರದ ಬಗ್ಗೆ, ಬಿಟ್ಟಿನ ಬಗ್ಗೆ ಸಮಾಧಾನವಾಗಿ ಮಾತಾಡುತ್ತಿದ್ದರು. ವೇಮಾಯರ್ ಬಂದು ಹಲಗೆಯ ನಡುವಿನಿಂದ ದಾರ ಹಿಡಿದು ಸುತ್ತಲೂ ನೋಡಿದ. ಇನ್ನೊಮ್ಮೆ ನೋಡಿದ. "ಕಂಪ್ಯೂಟರ್ ಬೇಡ ಬಿಡು," ಎಂದ. ಮಾವ ಹಲ್ಲು ಬಿಟ್ಟು ನಕ್ಕರು. ಆಮೇಲೆ ಅಡುಗೆಮನೆಯ ಕಿಟಕಿಯ ಕಡೆ ನೋಡಿ ನಗು ನುಂಗಿದರು.

ಆ ವರ್ಷ ಮೊದಲ ಸಲ ಹೆಂಗಸರೂ ರಾಜಪಟ್ಟಕ್ಕೆ ಗುರಿ ಹೊಡೆಯಬಹುದೆಂದು ಸಂಘ ನಿಯಮ ಮಾಡಿತ್ತು. ಅಲ್ಲಿಯವರೆಗೆ ಅವರಿಗೆ ಗುರುವಾರದ ಪಂದ್ಯ ಮಾತ್ರ, ಬಹುಮಾನಕ್ಕೆ ಹಂದಿಯ ತೊಡೆ. ಅತ್ತೆ ಎಷ್ಟು ತೊಡೆ ಗೆದ್ದು ತಂದಿದ್ದರೆಂದರೆ ಮಾಂಸ ನೇತುಹಾಕುವ ನಮ್ಮ ಹೊಗೆಗೂಡು ಖಾಲಿ ಇದ್ದದ್ದೇ ಇಲ್ಲ.

ಮೈದಾನದಲ್ಲಿ ಮೊದಲು ಮಾವನ ಸರದಿ. ಬೆಂಚಿಗೆ ಒರಗಿ, ಬಹಳ ಹೊತ್ತು ಗುರಿಯಿಟ್ಟು ಹೊಡೆದರು. ಗುಂಡು ಪಕ್ಕದವನ ಗುರಿಗೆ ಹೋಗಿ ಬಿತ್ತು. ಪಕ್ಕದವನು ಬಂದೂಕು ಎತ್ತಿಯೂ ಇರಲಿಲ್ಲ, ಅವನ ಲೆಕ್ಕಕ್ಕೆ ಒಂಬತ್ತು ಅಂಕ. ಗಂಡಸರು ಹೊಟ್ಟೆ ಹಿಡಿದು ನಕ್ಕರು. ಮಾವನೂ ನಕ್ಕರು, ತಮಾಷೆಗೆಂದೇ ಹೊಡೆದವರಂತೆ. ಅತ್ತೆ ನಗಲಿಲ್ಲ. ಬಿಯರ್ ಲೋಟವನ್ನು ನನ್ನ ಕೈಗೆ ಕೊಟ್ಟು, "ಹಿಡ್ಕೋ," ಎಂದು ಹೋಗಿ ಹೆಸರು ಬರೆಸಿದರು.

ಹೊಡೆದದ್ದೆಲ್ಲ ನಡುವಿಗೇ. ಕೊನೆಯ ಗುಂಡು ಬಿದ್ದಾಗ ವೇಮಾಯರ್ ಧ್ವನಿವರ್ಧಕದಲ್ಲಿ ಎರಡು ಸಲ ಕೆಮ್ಮಿ, "ಈ ವರ್ಷದ ರಾಜ, ಗೇಸಾ ಲೂಡರ್ಸ್," ಎಂದ. ಬೆಳ್ಳಿ ಬಿಲ್ಲೆಗಳ ಸರ ಹಾಕಿದಾಗ ಅತ್ತೆಯ ಕತ್ತು ಸ್ವಲ್ಪ ಬಾಗಿತು. ಮಾವ ಗುಂಪಿನ ನಡುವೆ ಕಲ್ಲಾಗಿ ನಿಂತಿದ್ದರು. ನಮ್ಮ ಗೋಡೆಗೆ ಹಲಗೆ ಬರುತ್ತದೆಂದು ಅವರಿಗೆ ಆಮೇಲೆ ಹೊಳೆಯಿತು. ಹೊಳೆದದ್ದೇ ತಡ, ಟೋಪಿಯನ್ನು ಮೇಲಕ್ಕೆ ಎಸೆದರು. ಅದು ಎಲ್ಲಿ ಬಿತ್ತೆಂದು ಹುಡುಕಿ ಕೊಟ್ಟವಳು ನಾನು.

ಮನೆಗೆ ಬರುವಾಗ ಕೇಳಿದೆ. "ಅತ್ತೆ, ಮೇಜಿನ ಸಿಟ್ಟಲ್ಲಿ ಹೊಡೆದ್ರಾ?"

"ಮೇಜಿಗೋಸ್ಕರ ಯಾರಾದ್ರೂ ಇಡೀ ಊರಿಗೆ ಊಟ ಹಾಕೋ ರಾಜ ಆಗ್ತಾರಾ? ಸುಮ್ನೆ ಬಾ."

ಕೆಲವು ವಾರ ಕಳೆದು ಹಲಗೆ ಏರಿಸುವ ದಿನ ಬಂತು. ಅಷ್ಟು ಜನರಿಗೆ ಅಂಗಳದಲ್ಲೇ ಊಟ. ಇದ್ದಬದ್ದ ಮೇಜುಗಳ ಜೊತೆ ಓಕ್ ಮೇಜನ್ನೂ ಹೊರಗೆ ಹೊರಿಸಿದೆವು. ಆಸ್ಪರಾಗಸ್, ಹೊಸ ಆಲೂಗಡ್ಡೆ, ಹಂದಿಯ ತೊಡೆ, ಕಾಯಿಸಿದ ಬೆಣ್ಣೆ. ಯಾರದೋ ಮೊಣಕೈ ತಾಗಿ ಬೆಣ್ಣೆಯ ಜಗ್ಗು ಉರುಳಿತು. ಬೆಣ್ಣೆ ನೆಲಕ್ಕೆ ಬೀಳದೆ ಆ ಕೊರಕಲಿಗೆ ಇಳಿದು ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ವೇಮಾಯರ್ ತನ್ನ ಆಲೂಗಡ್ಡೆಯನ್ನು ಅದರಲ್ಲಿ ಅದ್ದಿ ತಿಂದು, "ಗೇಸಾ, ಇದು ಯಾರ ಯೋಚನೆ? ಬಹಳ ಅನುಕೂಲ," ಎಂದ. ಅವತ್ತು ಅತ್ತೆಯ ತುಟಿ ಮೊದಲ ಸಲ ಸ್ವಲ್ಪ ಸಡಿಲವಾಯಿತು.

ಆರ್ನೆ ಏಣಿ ಹತ್ತಿ ಹಲಗೆಗೆ ಮೊಳೆ ಹೊಡೆದ. ಪ್ರತಿ ಏಟಿಗೂ ಕೆಳಗಿದ್ದವರು ಒಂದೊಂದು ಗುಟುಕು ಹಾಕಿದರು. ಅದಾದ ಮೇಲೆ ರಾಜನ ಅಪ್ಪಣೆ. ಹಲಗೆ ಏರಿದ ದಿನ ರಾಜ ಒಂದೇ ಒಂದು ಅಪ್ಪಣೆ ಕೊಡಬಹುದು, ಸಂಘದ ಸದಸ್ಯನಾದವನು ಇಲ್ಲ ಅನ್ನುವಂತಿಲ್ಲ. ಸಾಮಾನ್ಯವಾಗಿ ಇನ್ನೊಂದು ಸುತ್ತು ಬಿಯರ್ ಎಂದು ಅಪ್ಪಣೆಯಾಗುತ್ತದೆ. ಎಲ್ಲರೂ ಖಾಲಿ ಲೋಟ ಹಿಡಿದು ಕಾದರು.

ಅತ್ತೆ ಕುರ್ಚಿಯ ಮೇಲೆ ಹತ್ತಿ ನಿಂತರು. "ಸಂಘದ ಸದಸ್ಯ ಹಾರ್ಮ್ ಲೂಡರ್ಸ್ ಮುಂದೆ ಬರ್ಬೇಕು."

ಮಾವ ನಗುತ್ತಲೇ ಬಂದು ಸಿಪಾಯಿಯಂತೆ ಸೆಟೆದು ನಿಂತರು.

"ಮಂಗಳವಾರ ಬೆಳಿಗ್ಗೆ ಪೇಟೆ ಕಣ್ಣಾಸ್ಪತ್ರೆಗೆ ನನ್ನ ಜೊತೆ ಬರ್ಬೇಕು. ಆಪರೇಷನ್ ಮಾಡಿಸ್ಕೋಬೇಕು. ಇದು ರಾಜನ ಅಪ್ಪಣೆ."

ಮಾವನ ನಗು ಹೋಯಿತು. ಯಾರಾದರೂ ಕಾಪಾಡುತ್ತಾರೋ ಎಂಬಂತೆ ವೇಮಾಯರ್ ನಿಂತ ದಿಕ್ಕಿಗೆ ತಿರುಗಿದರು.

"ನನ್ನ ಕಡೆ ನೋಡ್ಬೇಡ," ಎಂದ ವೇಮಾಯರ್. "ಅಪ್ಪಣೆ ಆಯ್ತು ಅಂತ ಒಂದು ವರ್ಷ ನಾನು ಮೀಸೆ ಬೋಳಿಸ್ಕೊಂಡಿಲ್ವಾ?"

"ಕಣ್ಣಿಗೆ ಚಾಕು ಹಾಕ್ತಾರಂತೆ ಕಣೇ," ಎಂದರು ಮಾವ. ಅಷ್ಟು ಜನರ ಮುಂದೆ, ಮಗುವಿನ ದನಿಯಲ್ಲಿ.

ಅತ್ತೆ ಕುರ್ಚಿಯಿಂದ ಇಳಿದರು. "ನಾನು ಕೈ ಹಿಡ್ಕೊಂಡಿರ್ತೀನಿ."

"ರಾಜನಾಗಿ ಹೇಳ್ತಿದೀಯಾ?"

"ಹೆಂಡ್ತಿಯಾಗಿ ಎರಡು ವರ್ಷ ಹೇಳಿ ನೋಡ್ದೆ. ನಿನಗೆ ಕೇಳಿಸ್ಲಿಲ್ಲ."

ಮಾವ ಟೋಪಿ ತೆಗೆದರು. ತಲೆಯೆತ್ತಿ ಗೋಡೆಯ ನೆತ್ತಿಯತ್ತ ಬಹಳ ಹೊತ್ತು ನೋಡಿದರು. ಬಣ್ಣ ಇನ್ನೂ ಹೊಸತು, ಅಕ್ಷರಗಳು ಗೇಣುದ್ದ, ಬೀದಿಯ ತುದಿಯಿಂದಲೇ ಕಾಣುವಂಥವು.

"ಸಿಲ್ಕೆ," ಎಂದರು, "ಮೇಲೆ ಏನು ಬರೆದಿದಾರೆ? ಓದಮ್ಮ."

ಯಾರೂ ನಗಲಿಲ್ಲ. ನಾನು ಓದಿದೆ. "ಗೇಸಾ ಲೂಡರ್ಸ್, ರಾಜ. ಕೆಳಗೆ ಸಣ್ಣದಾಗಿ, ಹಲಗೆ ಕೊಯ್ದವರು ಹಾರ್ಮ್ ಮತ್ತು ಆರ್ನೆ ಲೂಡರ್ಸ್ ಅಂತ ಇದೆ, ಮಾವ."

"ಇವನ ಹೆಸರೂ ಹಾಕಿದಾರಾ," ಎಂದು ಮಾವ ಗೊಣಗಿದರು. ಆಮೇಲೆ ಅತ್ತೆಯ ಕೈ ಹುಡುಕಿ ಹಿಡಿದುಕೊಂಡು, "ಮಂಗಳವಾರ ಎಷ್ಟು ಹೊತ್ತಿಗೆ ಬಸ್ಸು?" ಎಂದು ಕೇಳಿದರು.